ಮಹಡಿ ಮನೆ ಅಕ್ಕನನ್ನು ರೈಡಿನಲ್ಲಿ ಹಿಡಿದರು. ಲೈಂಗಿಕ ವೃತ್ತಿ ಮಾಡುವುದೇ ಅಪರಾಧವಾ?

ಹಾಸನದ ಹುಡುಗಿ:

ನಮ್ಮ ಮನೆ ಮಹಡಿಯಲ್ಲಿ ಆರು ವರ್ಷದಿಂದ ಒಬ್ಬರು ಅಕ್ಕ ಬಾಡಿಗೆಗಿದ್ದಾರೆ. ಜೊತೆಗೆ ಅವರ ವಯಸ್ಸಾದ ತಾಯಿ, ಸೆಕೆಂಡ್ ಪಿಯುಸಿ ಓದುವ ಮಗ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ ಅಂತ ನಮಗೆ ಗೊತ್ತಿದ್ದದ್ದು. ಹನ್ನೆರಡು ದಿನದ ಹಿಂದೆ ಊರಾಚೆ ಒಂದು ಲಾಡ್ಜ್ ಮೇಲೆ ರೈಡ್ ಆಯಿತು, ಅಲ್ಲಿ ಇವರೂ ಸಿಕ್ಕರು. ಈಗ ಮಹಿಳೆಯರ ನಿಲಯದಲ್ಲಿ ಇಟ್ಟಿದ್ದಾರೆ. ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂತು. ಮುಖ ಮಸುಕು ಮಾಡಿದ್ದರು, ಸೀರೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಗಿಳಿಹಸಿರು ಸೀರೆ, ನೇರಳೆ ಅಂಚು, ಗೌರಿ ಹಬ್ಬಕ್ಕೆ ಬಾಗಿನದ ಜೊತೆ ನಮ್ಮಮ್ಮನೇ ಕೊಟ್ಟಿದ್ದು. ಬೀದಿಯವರೆಲ್ಲ ಗುರುತು ಹಿಡಿದರು.

ಮೊನ್ನೆ ನಾಲ್ಕು ಜನ ಹಿರಿಯರು ಬಂದು ಅಪ್ಪನಿಗೆ ಮನೆ ಖಾಲಿ ಮಾಡಿಸಿ ಅಂದರು, ಇಲ್ಲದಿದ್ದರೆ ನಿಮ್ಮ ಮೇಲೂ ಕೇಸ್ ಬೀಳುತ್ತೆ ಅಂದರು. ಒಬ್ಬರು ಇದೆಲ್ಲ ಬ್ರಿಟಿಷರು ತಂದ ಪಿಡುಗು ಅಂದರೆ, ಇನ್ನೊಬ್ಬರು ಬೇಲೂರು ಗುಡಿ ಮೇಲೆ ಕುಣಿಯುತ್ತಿರುವವರು ಯಾರು ಹಾಗಾದರೆ ಅಂತ ಕೇಳಿದರು. ಅಪ್ಪ ಹೆದರಿದ್ದಾರೆ. ಅಮ್ಮ ದಿನಾ ಮಹಡಿಗೆ ಊಟ ಕಳಿಸುತ್ತಿದ್ದಾಳೆ, ಆ ಹುಡುಗ ಬಾಗಿಲು ಅರ್ಧ ತೆಗೆದು ಡಬ್ಬಿ ಇಸಿದುಕೊಂಡು ಹಾಕಿಕೊಂಡುಬಿಡುತ್ತಾನೆ. ಕಾನೂನಿನಲ್ಲಿ ನಿಜಕ್ಕೂ ಏನಿದೆ? ಗೊತ್ತಿರುವವರು ದಯವಿಟ್ಟು ಹೇಳಿ.

ಕರಿಕೋಟು:

ನಾನು ಹಾಸನದಲ್ಲೇ ವಕೀಲ. ಮೊದಲು ನಿಮ್ಮ ತಂದೆಗೆ ಧೈರ್ಯ ಹೇಳಿ.

ವಯಸ್ಸಿಗೆ ಬಂದ ಹೆಂಗಸು ತನ್ನ ಇಷ್ಟದಿಂದ ಈ ಕೆಲಸ ಮಾಡುವುದನ್ನೇ ನಮ್ಮ ಕಾನೂನು ಅಪರಾಧ ಅನ್ನುವುದಿಲ್ಲ. ಇರುವುದು 1956ರ ಕಾಯ್ದೆ. 1986ರಲ್ಲಿ ತಿದ್ದುಪಡಿಯಾಗಿ ಈಗ ಅದಕ್ಕೆ ಅನೈತಿಕ ವ್ಯವಹಾರ ತಡೆ ಕಾಯ್ದೆ ಅಂತ ಹೆಸರು. ಅದು ಹಿಡಿಯುವುದು ಸುತ್ತಲಿನದ್ದನ್ನು. ವೇಶ್ಯಾಗೃಹ ನಡೆಸುವುದು 3ನೇ ಸೆಕ್ಷನ್, ಆಕೆಯ ಸಂಪಾದನೆಯಲ್ಲಿ ಬದುಕುವುದು 4, ಹೆಣ್ಣುಮಕ್ಕಳನ್ನು ಈ ದಂಧೆಗೆ ಎಳೆಯುವುದು 5, ಬೀದಿಯಲ್ಲಿ ನಿಂತು ಗಿರಾಕಿ ಕರೆಯುವುದು 8. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಒಳಗೆ ಹೋದರೆ ಗೊತ್ತಾಗುತ್ತೆ. ಇಬ್ಬರು ಹೆಂಗಸರು ಪರಸ್ಪರ ಲಾಭಕ್ಕೆ ಅಂತ ಒಂದೇ ಮನೆಯಲ್ಲಿ ಈ ಕೆಲಸ ಮಾಡಿದರೆ ಆ ಮನೆಯೇ ವೇಶ್ಯಾಗೃಹ. ಗುಡಿ, ಶಾಲೆ, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗಾದರೆ 7ನೇ ಸೆಕ್ಷನ್. ಹಾಸನದಂಥ ಊರಲ್ಲಿ ಈ ಯಾವುದೂ 200 ಮೀಟರಿನೊಳಗೆ ಇಲ್ಲದ ಮನೆ ಒಂದು ಹುಡುಕಿ ನೋಡಿ. ಗಿರಾಕಿ ಕರೆದಳು ಅಂತ ಕೇಸಾದರೆ ಮೊದಲ ಸಲಕ್ಕೇ ಆಕೆಗೆ ಆರು ತಿಂಗಳವರೆಗೆ ಜೈಲಾಗಬಹುದು. ಅದೇ ತಪ್ಪನ್ನು ಗಂಡಸು ಮಾಡಿದರೆ ಹೆಚ್ಚೆಂದರೆ ಮೂರು ತಿಂಗಳು.

ನನಗೆ ಜಾಸ್ತಿ ಬೇಜಾರಾಗುವುದು 4ನೇ ಸೆಕ್ಷನ್ ಬಗ್ಗೆ. ಹದಿನೆಂಟು ದಾಟಿದವರು ಯಾರೇ ಆಕೆಯ ದುಡಿಮೆಯಲ್ಲಿ ಬದುಕಿದರೂ ಎರಡು ವರ್ಷದವರೆಗೆ ಶಿಕ್ಷೆ. ಜೊತೆಯಲ್ಲಿ ವಾಸವಿದ್ದರೆ ಸಾಕು, ಅಂಥವರೇ ಅಂತ ಕೋರ್ಟ್ ಮೊದಲು ಭಾವಿಸಬೇಕು, ಅಲ್ಲ ಅಂತ ಅವರೇ ತೋರಿಸಬೇಕು. ತಲೆಹಿಡುಕರನ್ನು ಹಿಡಿಯಲು ಬರೆದ ಮಾತು ಅದು. ಆದರೆ ಅದರ ಅಕ್ಷರ ಓದಿದರೆ ಆ ಮುದುಕಿ ತಾಯಿಯೂ ಬರುತ್ತಾರೆ, ಹದಿನೆಂಟು ತುಂಬಿದ ದಿನ ಆ ಹುಡುಗನೂ ಬರುತ್ತಾನೆ.

ನಿಮ್ಮ ಮನೆ ವಿಷಯ. ಗೊತ್ತಿದ್ದೂ ಗೊತ್ತಿದ್ದೂ ಅಂಥ ಬಳಕೆಗೆ ಬಾಡಿಗೆ ಕೊಟ್ಟ ಮಾಲೀಕರ ಮೇಲೆ ಮಾತ್ರ ಕೇಸ್. ನಿಮ್ಮ ಮನೆಯಲ್ಲಿ ರೈಡ್ ಆಗಿಲ್ಲ, ಅಲ್ಲಿ ಅವರು ಸಂಸಾರ ಮಾಡಿಕೊಂಡಿದ್ದಾರೆ. ಹಾಗಾಗಿ ಬೀದಿಯವರ ಮಾತಿಗೆ ಕಾನೂನಿನ ಆಧಾರ ಇಲ್ಲ.

ಈಗ ಆಕೆಯನ್ನು ಬಿಡಿಸುವುದು ಮುಖ್ಯ. ಮ್ಯಾಜಿಸ್ಟ್ರೇಟ್ ವಿಚಾರಣೆ ಮುಗಿಯುವ ತನಕ ಮೂರು ವಾರ ಇಡಬಹುದು, ಆಮೇಲೆ ಒಂದರಿಂದ ಮೂರು ವರ್ಷ ನಿಲಯದಲ್ಲಿಡಲು ಆದೇಶ ಮಾಡಲೂ ಅವಕಾಶವಿದೆ, ಅದಕ್ಕೇ ತಡ ಮಾಡಬೇಡಿ. 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ಇಂಥವರ ಕಡೆಗಿದೆ. ರೈಡ್ ಆದಾಗ ಹೆಂಗಸರನ್ನು ಬಂಧಿಸಿ ಹಿಂಸೆ ಕೊಡಬಾರದು, ಅವರ ಗುರುತು ಸಿಗುವಂಥ ಫೋಟೋ ಹಾಕಬಾರದು, ಇಷ್ಟವಿಲ್ಲದೆ ನಿಲಯಗಳಲ್ಲಿ ಉಳಿದ ವಯಸ್ಕರನ್ನು ಬಿಡುವ ಬಗ್ಗೆ ನೋಡಬೇಕು ಅಂತೆಲ್ಲ ಅದರಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಪುಕ್ಕಟೆ. ಫೋನಿಗೆ 15100.

ಬೇಲೂರು ಮೇಷ್ಟ್ರು:

ಅಮ್ಮಾ, ವಕೀಲರು ಹೇಳಿದ್ದು ಸಾಕಷ್ಟಾಯಿತು. ನಾನು ಹಿರಿಯರ ಜಗಳಕ್ಕೆ ಉತ್ತರ ಬರೆಯುತ್ತೇನೆ.

ಇಬ್ಬರೂ ತಪ್ಪು. ಚೆನ್ನಕೇಶವನ ಗುಡಿಯ ಮದನಿಕೆಯರನ್ನು ನೋಡಿ, ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಗಿಳಿ ಜೊತೆ ಇದ್ದಾಳೆ. ಅವು ಶಿಲ್ಪ. ಯಾರ ಕಸುಬಿನ ದಾಖಲೆಯೂ ಅಲ್ಲ. ಕುಣಿಯುವವಳೆಲ್ಲ ಆ ಕಸುಬಿನವಳು ಅನ್ನುವುದಾದರೆ ಹೊಯ್ಸಳರ ಪಟ್ಟದರಾಣಿ ಶಾಂತಲೆಯೂ ನಾಟ್ಯದಲ್ಲಿ ಹೆಸರಾದವಳು. ಏನನ್ನುತ್ತೀರಿ?

ಆದರೆ ಕಸುಬು ಮಾತ್ರ ಬ್ರಿಟಿಷರಿಗಿಂತ ಎಷ್ಟೋ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕೆಯರನ್ನು, ಅಂದರೆ ಈ ಕಸುಬಿನ ಹೆಂಗಸರನ್ನು ನೋಡಿಕೊಳ್ಳಲು ಗಣಿಕಾಧ್ಯಕ್ಷ ಅಂತ ಒಬ್ಬ ಅಧಿಕಾರಿಯೇ ಇದ್ದಾನೆ. ಗಣಿಕೆಗೆ ವರ್ಷಕ್ಕೆ 1000 ಪಣ. ಬಿಡುಗಡೆ ಬೇಕೆಂದರೆ ಅವಳು ಕಟ್ಟಬೇಕಾದದ್ದು 24,000 ಪಣ. ಅಂದರೆ ಒಂದು ಕಾಸೂ ಖರ್ಚು ಮಾಡದೆ 24 ವರ್ಷ ದುಡಿಯಬೇಕು. ಹಳೆಯ ಕಾಲದಲ್ಲಿ ಎಷ್ಟು ಮರ್ಯಾದೆ ಇತ್ತು ಅಂತ ಹೇಳುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇಂಥ ಮನೆಗಳ ತೆರಿಗೆಯಿಂದಲೇ ಪೊಲೀಸರ ಸಂಬಳ ಸಾಗುತ್ತಿತ್ತು ಅಂತ ಬರೆದಿದ್ದಾನೆ.

ಹಾಗಂತ ಬರೀ ಅವಮಾನವೇ ಇರಲಿಲ್ಲ. ಇವತ್ತು ನಾವು ಬೈಗುಳ ಮಾಡಿಕೊಂಡಿರುವ ಸೂಳೆ ಅನ್ನುವ ಮಾತು ಹಳೆಯ ಶಾಸನಗಳಲ್ಲಿ ದಾನ ಕೊಟ್ಟ ಹೆಂಗಸಿನ ಹೆಸರಿನ ಜೊತೆ ನಿಂತಿದೆ. ಬಾದಾಮಿ ಹತ್ತಿರದ ಮಹಾಕೂಟದಲ್ಲಿ, ಚಾಲುಕ್ಯ ವಿಜಯಾದಿತ್ಯನ ಪ್ರೀತಿಯ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿ ಕೊಡೆ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆಯ ಒಂದೇ ಒಂದು ವಚನ ನಮಗೆ ಉಳಿದಿದೆ. ಒಬ್ಬನ ಒತ್ತೆ, ಅಂದರೆ ಮುಂಗಡ ಹಣ, ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯುವವಳಲ್ಲ ಅಂತ, ತನ್ನ ಕಸುಬಿನ ಮಾತಿನಲ್ಲೇ ದೇವರಿಗೆ ನಿಷ್ಠೆ ಹೇಳಿಕೊಳ್ಳುತ್ತಾಳೆ. ಕ್ಲಾಸಿನಲ್ಲಿ ಅದನ್ನು ಓದುವಾಗ ಹುಡುಗರು ಮೊದಲು ನಗುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು.

ಬ್ರಿಟಿಷರು ಮಾಡಿದ್ದು ಬೇರೆ. 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು ಹೆಂಗಸರ ಹೆಸರು ದಾಖಲು ಮಾಡಿ ಬಲವಂತದ ತಪಾಸಣೆಗೆ ಎಳೆದರು, ಸೈನಿಕರಿಗೆ ಆ ತಪಾಸಣೆ ಇರಲಿಲ್ಲ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ನಿಲ್ಲಿಸಿದ್ದು ಸರಿ, ಆದರೆ ಹಾಡು ಕುಣಿತ ಬಿಟ್ಟು ಬೇರೇನೂ ಕಲಿಯದ ಆ ಹೆಂಗಸರು ಮುಂದೆ ಹೇಗೆ ಬದುಕಬೇಕು ಅನ್ನುವುದು ಹಾಗೇ ಉಳಿಯಿತು. ದೇವರಿಗೆ ಬಿಡುವುದನ್ನೇ ತಡೆಯಲು ರಾಜ್ಯದಲ್ಲಿ 1982ರ ಕಾಯ್ದೆ ಬರಬೇಕಾಯಿತು.

ಮೂಡಿಗೆರೆ ತೋಟದವನು:

ನಿಮ್ಮ ಅಕ್ಕನ ಬಗ್ಗೆ ನನಗೆ ಮರುಕ ಇದೆ. ಆದರೆ ಎಲ್ಲರೂ ಇಷ್ಟಪಟ್ಟೇ ಬರುತ್ತಾರೆ ಅನ್ನುವ ಹಾಗೆ ಮಾತು ಹೋಗುತ್ತಿದೆ, ಅದಕ್ಕೆ ಬರೆದೆ. ಚಿಕ್ಕಮಗಳೂರು ಕಡೆ ಹೋಂಸ್ಟೇಗಳು ಎಷ್ಟಾಗಿವೆ ನಿಮಗೇ ಗೊತ್ತು. ನಮ್ಮ ಲೈನ್ ಮನೆಯಲ್ಲಿದ್ದ ಹುಡುಗಿಯೊಬ್ಬಳಿಗೆ ಹೋಂಸ್ಟೇಯಲ್ಲಿ ಅಡುಗೆ ಕೆಲಸ, ತಿಂಗಳಿಗೆ ಹದಿನೈದು ಸಾವಿರ ಅಂತ ಹೇಳಿ ಒಬ್ಬ ಕರೆದುಕೊಂಡು ಹೋದ. ಹೋದ ದಿನವೇ ಅವಳ ಫೋನ್ ಕಿತ್ತುಕೊಂಡಿದ್ದರು. ನಾಲ್ಕನೇ ದಿನ ರಾತ್ರಿ ಮಳೆಯಲ್ಲಿ ತೋಟ ಹಾಯ್ದು ಓಡಿ ಬಂದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಣಕಾಲಿನ ತನಕ ಜಿಗಣೆ ಕಚ್ಚಿದ ರಕ್ತ. ನನ್ನ ಹೆಂಡತಿ ಉಪ್ಪು ಹಾಕಿ ಒಂದೊಂದೇ ಬಿಡಿಸಿದಳು. ಅವತ್ತಿನಿಂದ ರೈಡೇ ಬೇಡ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಕರಿಕೋಟು:

ತೋಟದವರು ಹೇಳಿದ್ದು ನೂರಕ್ಕೆ ನೂರು ನಿಜ. ಅದು ಮಾನವ ಕಳ್ಳಸಾಗಣೆ, ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್, ಕಡಿಮೆಯೆಂದರೂ ಏಳು ವರ್ಷ. ಹುಡುಗಿಗೆ ಹದಿನೆಂಟು ಆಗಿಲ್ಲದಿದ್ದರೆ ಒಪ್ಪಿಗೆಯ ಮಾತೇ ಬರುವುದಿಲ್ಲ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆ ಬೀಳುತ್ತೆ. ನನ್ನ ಸಂಕಟ ಏನೆಂದರೆ ಆ ಹುಡುಗಿಯನ್ನು ಕರೆದುಕೊಂಡು ಹೋದವನೂ, ಮಗನ ಕಾಲೇಜು ಫೀಸಿಗೆ ದುಡಿಯುವ ಈ ಅಕ್ಕನೂ ಒಂದೇ ಎಫ್‌ಐಆರಿನಲ್ಲಿ ಬರುತ್ತಾರೆ. ಗಿರಾಕಿಗಳ ಮೇಲಿನ ಕೇಸನ್ನು ನಮ್ಮ ಹೈಕೋರ್ಟ್ ಹಲವು ಸಲ ರದ್ದು ಮಾಡಿದೆ. 2025ರಲ್ಲಿ ಕೇರಳ ಹೈಕೋರ್ಟ್ ಮಾತ್ರ, ದುಡ್ಡು ಕೊಟ್ಟವನೂ ಆಕೆಯನ್ನು ಇದಕ್ಕೆ ಎಳೆದ ಹಾಗೇ, ಅವನ ಮೇಲೂ ಕೇಸ್ ನಡೆಯಬಹುದು ಅಂದಿದೆ.

ಹಾಸನದ ಹುಡುಗಿ:

ಎಲ್ಲರಿಗೂ ಧನ್ಯವಾದ. ವಕೀಲರು ಬರೆದದ್ದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಅಪ್ಪ ಏನೂ ಮಾತಾಡದೆ ಎದ್ದು ಮಹಡಿಗೆ ಹೋಗಿ, ಪರೀಕ್ಷೆ ಮುಗಿಯುವ ತನಕ ಯಾರು ಏನಂದರೂ ತಲೆ ಕೆಡಿಸಿಕೊಳ್ಳಬೇಡ ಅಂತ ಆ ಹುಡುಗನಿಗೆ ಹೇಳಿ ಬಂದರು. ನಾಳೆ ಬೆಳಿಗ್ಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತಿದ್ದೇವೆ, ಅಜ್ಜಿಯನ್ನೂ ಕರೆದುಕೊಂಡು. ಅಲ್ಲಿಂದ ಅಕ್ಕನನ್ನು ನೋಡಲು ಬಿಟ್ಟರೆ ನಿಲಯಕ್ಕೂ ಹೋಗಬೇಕು. ಆ ಹಸಿರು ಸೀರೆಯಲ್ಲೇ ಬೀದಿಗೆ ವಾಪಸ್ ಬರುವುದು ಬೇಡ ಅಂತ ಅಮ್ಮ ತನ್ನ ಒಂದು ಕಾಟನ್ ಸೀರೆ ಮಡಚಿ ಬ್ಯಾಗಿಗೆ ಹಾಕಿದ್ದಾಳೆ.