ಲೇಆಫ್ ಇಷ್ಟಿದ್ದರೂ ಸಾಂಟಾ ಕ್ಲಾರಾ ಕೌಂಟಿಯ ನಿರುದ್ಯೋಗ ದರ ಇಳಿಯುವುದು ಹೇಗೆ? (ಪ್ರಶ್ನೋತ್ತರ)

ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡಿಗರ ಗುಂಪು. ಸಾಂಟಾ ಕ್ಲಾರಾ ಎಂದರೆ ಸಿಲಿಕಾನ್ ವ್ಯಾಲಿ ಇರುವ ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಈ ವಾರ ಉತ್ತರ ಕೊಡುತ್ತಿರುವವರು ಕಾರ್ಮಿಕ ಮಾರುಕಟ್ಟೆಯ ಅಂಕಿಅಂಶ ವಿಶ್ಲೇಷಕಿ.

ಪ್ರಶ್ನೆ (ಸನಿವೇಲ್): ಮೇಡಂ, ಸುತ್ತಮುತ್ತ ಎಲ್ಲಿ ನೋಡಿದರೂ ಕೆಲಸ ಹೋದವರೇ ಇದ್ದಾರೆ. ಆದರೂ ಕ್ಯಾಲಿಫೋರ್ನಿಯಾದ ಉದ್ಯೋಗ ಇಲಾಖೆ, ಅಂದರೆ ಇಡಿಡಿ, ಕೊಡೋ ವರದಿಯಲ್ಲಿ ನಮ್ಮ ಕೌಂಟಿಯ ನಿರುದ್ಯೋಗ ದರ ಒಂದೊಂದು ತಿಂಗಳು ಇಳಿದೇ ಇರುತ್ತೆ. ಲೆಕ್ಕ ತಪ್ಪಾ, ನಾವು ಓದೋದು ತಪ್ಪಾ?

ಉತ್ತರ: ಲೆಕ್ಕ ತಪ್ಪಿಲ್ಲ. ಆದರೆ ಆ ಒಂದು ದರವನ್ನಷ್ಟೇ ನೋಡಿದರೆ ಕೌಂಟಿಯ ಸ್ಥಿತಿ ತಿಳಿಯುವುದಿಲ್ಲ. ನಿರುದ್ಯೋಗಿಗಳನ್ನು ಇಡೀ ಜನಸಂಖ್ಯೆಯಿಂದ ಭಾಗಿಸುವುದಿಲ್ಲ, ಲೇಬರ್ ಫೋರ್ಸ್‌ನಿಂದ ಭಾಗಿಸುತ್ತಾರೆ. ಲೇಬರ್ ಫೋರ್ಸ್ ಎಂದರೆ ಕೆಲಸ ಇರುವವರು ಮತ್ತು ಕೆಲಸ ಹುಡುಕುತ್ತಿರುವವರು, ಇಷ್ಟೇ. ಹುಡುಕುವುದನ್ನು ಬಿಟ್ಟವರು, ಊರು ಬಿಟ್ಟ ನಿರುದ್ಯೋಗಿಗಳು ಈ ಭಾಗಾಕಾರದ ಮೇಲಿನ ಅಂಕಿಯಿಂದಲೂ ಹೋಗುತ್ತಾರೆ, ಕೆಳಗಿನ ಅಂಕಿಯಿಂದಲೂ ಹೋಗುತ್ತಾರೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳಿ. ಲೇಬರ್ ಫೋರ್ಸ್ 10 ಲಕ್ಷ, ಅದರಲ್ಲಿ 50,000 ನಿರುದ್ಯೋಗಿಗಳು. ದರ ಶೇ 5. ಈ ನಿರುದ್ಯೋಗಿಗಳಲ್ಲಿ 6,000 ಜನ ಟೆಕ್ಸಾಸಿಗೋ ಬೆಂಗಳೂರಿಗೋ ಹೊರಟರು. ಕೆಲಸ ಇದ್ದ 3,000 ಜನರೂ ಬಾಡಿಗೆ ತಾಳಲಾರದೆ ಊರು ಬಿಟ್ಟರು. ಈಗ ಲೇಬರ್ ಫೋರ್ಸ್ 9,91,000, ನಿರುದ್ಯೋಗಿಗಳು 44,000, ದರ ಶೇ 4.4. ಒಬ್ಬರಿಗೂ ಹೊಸ ಕೆಲಸ ಸಿಕ್ಕಿಲ್ಲ, ಕೆಲಸದಲ್ಲಿರುವವರು 3,000 ಕಡಿಮೆಯಾಗಿದ್ದಾರೆ, ದರ ಮಾತ್ರ ಅರ್ಧ ಶೇಕಡಾಕ್ಕಿಂತ ಹೆಚ್ಚು ಇಳಿದಿದೆ!

2001ರ ಡಾಟ್‌ಕಾಂ ಕುಸಿತದ ನಂತರ ಈ ಕೌಂಟಿಯಲ್ಲಿ ಆದದ್ದೂ ಇದೇ. ವರ್ಷಗಟ್ಟಲೆ ಉದ್ಯೋಗ ಕರಗಿತು, ಜನ ಖಾಲಿ ಮಾಡಿಕೊಂಡು ಹೋದರು, ಲೇಬರ್ ಫೋರ್ಸೇ ಕುಗ್ಗಿತು. ನಷ್ಟದ ಪೂರ್ತಿ ಅಳತೆ ದರದಲ್ಲಿ ಕಾಣಲಿಲ್ಲ, ಉದ್ಯೋಗದ ಸಂಖ್ಯೆಯಲ್ಲಿ ಕಂಡಿತು. ಆದ್ದರಿಂದ ದರ ಇಳಿದ ಸುದ್ದಿ ಬಂದಾಗಲೆಲ್ಲ ಪಕ್ಕದ ಎರಡು ಕಾಲಂ ನೋಡಿ. ಕೆಲಸದಲ್ಲಿರುವವರು ಹೆಚ್ಚಿದ್ದಾರಾ? ಲೇಬರ್ ಫೋರ್ಸ್ ಕುಗ್ಗಿದೆಯಾ? ಮೊದಲನೆಯದು ಹೌದಾಗಿ ಎರಡನೆಯದು ಇಲ್ಲವಾದರೆ ಮಾತ್ರ ಅದು ಒಳ್ಳೆಯ ಸುದ್ದಿ.

ಪ್ರಶ್ನೆ (ಮಿಲ್ಪಿಟಾಸ್): ನಮ್ಮ ಮನೆಗೆ ಯಾರೂ ಬಂದು ಕೇಳಿಲ್ಲ. ಕೌಂಟಿ ಮಟ್ಟದ ಈ ಅಂಕಿಯನ್ನ ಎಲ್ಲಿಂದ ತರ್ತಾರೆ?

ಉತ್ತರ: ದೇಶದ ಮಟ್ಟದ ಮನೆ ಸಮೀಕ್ಷೆ ಪ್ರತಿ ತಿಂಗಳು ಸುಮಾರು 60,000 ಮನೆಗಳದ್ದು. ತಿಂಗಳ 12ನೇ ತಾರೀಖು ಬರುವ ವಾರವನ್ನು ಹಿಡಿದು, 16 ತುಂಬಿದವರ ಬಗ್ಗೆ ಕೇಳುತ್ತಾರೆ. ಆ ವಾರ ಒಂದು ಗಂಟೆ ಸಂಬಳಕ್ಕೆ ದುಡಿದಿದ್ದರೂ ನೀವು ಉದ್ಯೋಗಿ. ಕೆಲಸ ಇರಲಿಲ್ಲ, ಸಿಕ್ಕರೆ ಮಾಡಲು ತಯಾರಿದ್ದಿರಿ, ಹಿಂದಿನ 4 ವಾರಗಳಲ್ಲಿ ಅರ್ಜಿ ಹಾಕುವುದೋ ಇಂಟರ್‌ವ್ಯೂ ಕೊಡುವುದೋ ಏನಾದರೂ ಮಾಡಿದ್ದಿರಿ ಅಂದರೆ ನಿರುದ್ಯೋಗಿ. ಲಿಂಕ್ಡ್‌ಇನ್ ಸುಮ್ಮನೆ ತಿರುವಿ ಹಾಕಿದರೆ ಅದು ಹುಡುಕಾಟವಲ್ಲ, ಅಂಥವರು ಲೇಬರ್ ಫೋರ್ಸಿನ ಹೊರಗೆ.

ಆ 60,000ವನ್ನು ಮೂರು ಸಾವಿರದಷ್ಟು ಕೌಂಟಿಗಳಿಗೆ ಹಂಚಿದರೆ ಒಂದೊಂದಕ್ಕೆ ಸಿಗುವ ಮನೆಗಳಿಂದ ಏನೂ ಹೇಳಲಾಗುವುದಿಲ್ಲ. ಅದಕ್ಕೇ ಕೌಂಟಿಯ ಅಂಕಿಯನ್ನು ಕಟ್ಟಬೇಕಾಗುತ್ತದೆ. ಕಂಪನಿಗಳು ಕೊಡುವ ಉದ್ಯೋಗದ ಲೆಕ್ಕ ತೆಗೆದುಕೊಂಡು, ಯಾರು ಯಾವ ಕೌಂಟಿಯಿಂದ ಯಾವ ಕೌಂಟಿಗೆ ಓಡಾಡುತ್ತಾರೆ ಎನ್ನುವ ಜನಗಣತಿ ಇಲಾಖೆಯ ಮಾಹಿತಿಯಿಂದ ಅದನ್ನು ವಾಸದ ಊರಿಗೆ ತಿರುಗಿಸುತ್ತಾರೆ. ನಿರುದ್ಯೋಗಿಗಳ ಭಾಗಕ್ಕೆ ಆಧಾರ, ನಿರುದ್ಯೋಗ ಭತ್ಯೆಯ ಕ್ಲೇಮುಗಳು. ಭತ್ಯೆ ಮುಗಿದವರು, ಹೊಸದಾಗಿ ಓದು ಮುಗಿಸಿದವರು ಕ್ಲೇಮಿನಲ್ಲಿ ಕಾಣುವುದಿಲ್ಲವಲ್ಲ, ಅವರನ್ನು ಬೇರೆ ಅಂದಾಜು ಮಾಡಿ ಸೇರಿಸುತ್ತಾರೆ. ಕೊನೆಗೆ ಎಲ್ಲ ಕೌಂಟಿಗಳ ಮೊತ್ತ ರಾಜ್ಯದ ಮೊತ್ತಕ್ಕೆ ಹೊಂದುವಂತೆ ಸರಿತೂಗಿಸುತ್ತಾರೆ.

ಇದರಿಂದ ತಿಳಿಯಬೇಕಾದದ್ದು: ನಮ್ಮ ಕೌಂಟಿಯಲ್ಲಿ 0.1 ಎಂದರೆ ಸುಮಾರು 1,000 ಜನ, ಮತ್ತು ಅಂದಾಜಿನ ಏರುಪೇರೇ ಅಷ್ಟಿರಬಹುದು. ಮೊದಲು ಬರುವ ಅಂಕಿ ಮುಂದಿನ ತಿಂಗಳು ತಿದ್ದುಪಡಿಯಾಗುತ್ತದೆ, ವರ್ಷಕ್ಕೊಮ್ಮೆ ಹಿಂದಿನದೆಲ್ಲ ಮತ್ತೆ ತಿದ್ದುಪಡಿಯಾಗುತ್ತದೆ. ಒಂದು ತಿಂಗಳ 0.1, 0.2 ನೋಡಿ ಯಾವ ನಿರ್ಧಾರವನ್ನೂ ಮಾಡಬೇಡಿ.

ಪ್ರಶ್ನೆ (ಮೌಂಟನ್ ವ್ಯೂ): ಮೆಟಾದವರು ಲೇಆಫ್ ಮಾಡಿದರೆ ಅದು ಯಾವ ಕೌಂಟಿಯ ಲೆಕ್ಕಕ್ಕೆ ಬರುತ್ತೆ?

ಉತ್ತರ: ಎರಡಕ್ಕೂ, ಬೇರೆ ಬೇರೆ ಕಡೆ. ಮೆಟಾದ ಮುಖ್ಯ ಕಚೇರಿ ಮೆನ್ಲೊ ಪಾರ್ಕ್, ಅದು ಸ್ಯಾನ್ ಮಟೇಯೊ ಕೌಂಟಿ. ಅಲ್ಲಿ ಕೆಲಸ ಮಾಡಿ ಸನಿವೇಲಿನಲ್ಲಿ ಮನೆ ಮಾಡಿರುವವರ ಉದ್ಯೋಗ ಸ್ಯಾನ್ ಮಟೇಯೊದಲ್ಲಿ ಕಡಿಮೆಯಾಗುತ್ತದೆ, ನಿರುದ್ಯೋಗ ಸಾಂಟಾ ಕ್ಲಾರಾದಲ್ಲಿ ಹೆಚ್ಚುತ್ತದೆ. ಟೆಸ್ಲಾ ಕಾರ್ಖಾನೆ ಇರುವ ಫ್ರೀಮಾಂಟ್ ಅಲಮೀಡಾ ಕೌಂಟಿಗೆ ಸೇರಿದ್ದು, ಅಲ್ಲೂ ಇದೇ ಕಥೆ. ನಿರುದ್ಯೋಗ ದರ ಮಲಗುವ ಊರಿನದು, ಉದ್ಯೋಗಗಳ ಸಂಖ್ಯೆ ದುಡಿಯುವ ಊರಿನದು.

ಇನ್ನೊಂದು ತೊಡಕಿದೆ. ಪ್ರತಿ ತಿಂಗಳು ಬರುವ ಉದ್ಯೋಗದ ಸಂಖ್ಯೆ ಕೌಂಟಿಯದಲ್ಲ, ಸ್ಯಾನ್ ಹೋಸೆ ಮೆಟ್ರೋ ಪ್ರದೇಶದ್ದು. ಅದರಲ್ಲಿ ಹಾಲಿಸ್ಟರ್ ಇರುವ ಸ್ಯಾನ್ ಬೆನಿಟೊ ಕೌಂಟಿಯೂ ಸೇರಿದೆ. ಅದು ಚಿಕ್ಕದು, 2020ರ ಜನಗಣತಿಯಲ್ಲಿ 64,209 ಜನ, ಸಾಂಟಾ ಕ್ಲಾರಾದಲ್ಲಿ 19,36,259. ಹಾಗಾಗಿ ಒಟ್ಟು ಸಂಖ್ಯೆಗೆ ದೊಡ್ಡ ವ್ಯತ್ಯಾಸವಾಗದು. ಕೃಷಿ ಉದ್ಯೋಗ ನೋಡುವವರು ಮಾತ್ರ ಎಚ್ಚರವಾಗಿರಿ.

ಪ್ರಶ್ನೆ (ಸ್ಯಾನ್ ಹೋಸೆ): ನಾನು ವಾರ್ನ್ ನೋಟಿಸುಗಳ (ದೊಡ್ಡ ಲೇಆಫಿಗೆ ಮೊದಲು ಕಂಪನಿ ಕೊಡಬೇಕಾದ ಸೂಚನೆ) ಪಟ್ಟಿಯನ್ನ ಎಕ್ಸೆಲ್‌ಗೆ ಹಾಕಿ ಕೂಡ್ತಾ ಇದ್ದೀನಿ. ಇದರಿಂದ ಮುಂದಿನ ನಿರುದ್ಯೋಗ ದರ ಹೇಳಬಹುದಾ?

ಉತ್ತರ: ದಿಕ್ಕು ಹೇಳಬಹುದು, ದರ ಹೇಳಲಾಗದು. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ 75 ಅಥವಾ ಹೆಚ್ಚು ಜನರಿರುವ ಜಾಗದಲ್ಲಿ 30 ದಿನದೊಳಗೆ 50 ಅಥವಾ ಹೆಚ್ಚು ಜನರನ್ನು ತೆಗೆದರೆ 60 ದಿನ ಮೊದಲೇ ನೋಟಿಸ್ ಕೊಡಬೇಕು. 40 ಜನರ ಸ್ಟಾರ್ಟಪ್ ಪೂರ್ತಿ ಮುಚ್ಚಿದರೂ ಪಟ್ಟಿಯಲ್ಲಿ ಹೆಸರು ಬರದೇ ಇರಬಹುದು.

ಕೂಡುವಾಗ ಆಗುವ ತಪ್ಪುಗಳು ಮೂರು. ನೋಟಿಸ್ ಬಂದ ದಿನಾಂಕದ ಮೇಲೆ ಕೂಡುತ್ತಾರೆ. ಜಾರಿಯ ದಿನಾಂಕದ, ಅಂದರೆ ಕೆಲಸ ನಿಜವಾಗಿ ಮುಗಿಯುವ ದಿನದ, ಕಾಲಂ ಬೇರೆ ಇದೆ, ಅದರ ಮೇಲೆ ಕೂಡಿ. ಆ 60 ದಿನ ಸಂಬಳ ಬರುತ್ತಿದ್ದರೆ ಮನೆಯಲ್ಲಿ ಕೂತಿದ್ದರೂ ಹೆಸರು ಪೇರೋಲ್‌ನಲ್ಲೇ ಇರುತ್ತದೆ, ಉದ್ಯೋಗದ ಸಂಖ್ಯೆ ಕದಲುವುದಿಲ್ಲ. ಎರಡನೆಯದು, ತಿದ್ದಿ ಮತ್ತೆ ಕಳಿಸಿದ ನೋಟಿಸನ್ನು ಎರಡು ಸಲ ಎಣಿಸುವುದು. ಕಂಪನಿ, ವಿಳಾಸ, ಜಾರಿಯ ದಿನಾಂಕ ಮೂರನ್ನೂ ಜೋಡಿಸಿ ಪುನರಾವರ್ತನೆ ತೆಗೆಯಿರಿ. ಮೂರನೆಯದು, ಪತ್ರಿಕೆಯ ಅಂಕಿಯನ್ನು ಊರಿನ ಅಂಕಿ ಅಂದುಕೊಳ್ಳುವುದು. 2023ರ ಜನವರಿಯಲ್ಲಿ ಗೂಗಲ್ ಹೇಳಿದ 12,000, ಅದಕ್ಕೂ ಮೊದಲು 2022ರ ನವೆಂಬರಿನಲ್ಲಿ ಮೆಟಾ ಹೇಳಿದ 11,000 ಎರಡೂ ಇಡೀ ಪ್ರಪಂಚದ ಲೆಕ್ಕ.

ಎಚ್‌ಆರ್‌ನಲ್ಲಿರುವ ಸದಸ್ಯರ ಸೇರ್ಪಡೆ: ಮೇಡಂ ಹೇಳಿದ ಆ ಜಾರಿಯ ದಿನಾಂಕ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಪ್ರಾಣದಷ್ಟು ಮುಖ್ಯ. ಬೇರೆ ಕೆಲಸ ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಿಗುವ 60 ದಿನದ ಗ್ರೇಸ್ ಅವಧಿ ಶುರುವಾಗುವುದು ಕೆಲಸ ಮುಗಿದ ಮರುದಿನದಿಂದ, ಸಾಮಾನ್ಯವಾಗಿ ಸಂಬಳ ಸಿಕ್ಕ ಕೊನೆಯ ದಿನವನ್ನು ಹಿಡಿದು. ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಎನ್ನುವ ದಾಖಲೆ ಐ-94 ಅದಕ್ಕೂ ಮೊದಲೇ ಮುಗಿದರೆ ಅವಧಿಯೂ ಅಲ್ಲಿಗೇ ಮುಗಿಯಿತು. ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣ, ಎಷ್ಟು ತಿಂಗಳಿನದು ಕೊಟ್ಟರೂ ಆ 60 ದಿನ ಉದ್ದವಾಗುವುದಿಲ್ಲ. ಬಿಡುಗಡೆ ಪತ್ರದಲ್ಲಿ ಕೆಲಸ ಮುಗಿಯುವ ದಿನಾಂಕ ಸ್ಪಷ್ಟವಾಗಿ ಬರೆದಿರಲಿ ಅಂತ ಕೇಳಿ, ಅದನ್ನು ಹಿಡಿದುಕೊಂಡು ಅದೇ ವಾರ ವಕೀಲರ ಹತ್ತಿರ ಹೋಗಿ.

ಪ್ರಶ್ನೆ (ಕ್ಯುಪರ್ಟಿನೊ): ಹಾಗಾದ್ರೆ ಎಚ್-1ಬಿಯವರ ನಿರುದ್ಯೋಗ ಲೆಕ್ಕಕ್ಕೇ ಬರಲ್ವಾ?

ಉತ್ತರ: ಮನೆ ಸಮೀಕ್ಷೆಯಲ್ಲಿ ಬರುತ್ತಾರೆ, ಅಲ್ಲಿ ವೀಸಾ ಕೇಳುವುದೇ ಇಲ್ಲ. ಆದರೆ ಕೌಂಟಿಯ ಹಂತದಲ್ಲಿ ಕ್ಲೇಮುಗಳ ಆಧಾರ ದೊಡ್ಡದು. ಎಚ್-1ಬಿಯಲ್ಲಿ ಕೆಲಸದ ಅನುಮತಿ ಕಂಪನಿಗೇ ಅಂಟಿಕೊಂಡಿರುವುದರಿಂದ ‘ಕೂಡಲೇ ಕೆಲಸಕ್ಕೆ ಲಭ್ಯ’ ಎನ್ನುವ ಭತ್ಯೆಯ ನಿಯಮದ ಮುಂದೆ ಅವರ ಸ್ಥಿತಿ ಗಟ್ಟಿಯಾಗಿಲ್ಲ. 60 ದಿನದಲ್ಲಿ ಕೆಲಸ ಸಿಗದೆ ದೇಶ ಬಿಟ್ಟರೆ ಲೇಬರ್ ಫೋರ್ಸಿನಿಂದಲೇ ಅಳಿಸಿಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಸಮುದಾಯದ ಸಂಕಟ ಈ ದರದಲ್ಲಿ ಇರುವುದಕ್ಕಿಂತ ಕಡಿಮೆಯಾಗಿ ಕಾಣುವುದಕ್ಕೆ ಇದೇ ದೊಡ್ಡ ಕಾರಣ.

ಗ್ರೀನ್ ಕಾರ್ಡ್ ಇರುವವರು, ಎಚ್-4 (ಎಚ್-1ಬಿಯವರ ಸಂಗಾತಿಯ ವೀಸಾ) ಮೇಲೆ ಕೆಲಸದ ಪರವಾನಗಿ ಪಡೆದವರು ಮಾತ್ರ ನಾಚಿಕೊಂಡು ಬಿಡಬೇಡಿ, ಕೆಲಸ ಹೋದ ಮೊದಲ ವಾರದಲ್ಲೇ ಇಡಿಡಿಗೆ ಕ್ಲೇಮ್ ಹಾಕಿ. ಅರ್ಜಿ ಹಾಕಿದ ವಾರದ ಭಾನುವಾರದಿಂದ ಕ್ಲೇಮ್ ಶುರು, ಮೊದಲ ಅರ್ಹ ವಾರಕ್ಕೆ ಹಣವಿಲ್ಲ. ವಾರಕ್ಕೆ 40ರಿಂದ 450 ಡಾಲರ್, ಹೆಚ್ಚೆಂದರೆ 26 ವಾರ. ಎರಡು ವಾರಕ್ಕೊಮ್ಮೆ ದೃಢೀಕರಣ ಕೊಡಬೇಕು, ಮರೆತರೆ ಹಣ ನಿಲ್ಲುತ್ತದೆ. ಇದಕ್ಕೆ ದುಡ್ಡು ಕಟ್ಟಿರುವುದು ನಿಮ್ಮ ಹೆಸರಿನಲ್ಲಿ ನಿಮ್ಮ ಕಂಪನಿಯೇ. ಇದು ದಾನವಲ್ಲ.

ಪ್ರಶ್ನೆ (ಗಿಲ್‌ರಾಯ್): ಊಬರ್, ಡೋರ್‌ಡ್ಯಾಶ್ ಓಡಿಸೋರು?

ಉತ್ತರ: ವಾರಕ್ಕೆ ಒಂದು ಗಂಟೆ ಓಡಿಸಿದರೂ ಉದ್ಯೋಗಿ. ಆದರೆ ಸ್ವಂತ ಗುತ್ತಿಗೆದಾರರಾದ್ದರಿಂದ ಪೇರೋಲ್ ಲೆಕ್ಕದಲ್ಲಿ ಇಲ್ಲ. ಅರೆಕೆಲಸದವರನ್ನೂ ಸೇರಿಸುವ ಅಗಲವಾದ ದರ ದೇಶಕ್ಕೆ, ರಾಜ್ಯಗಳಿಗೆ ಸಿಗುತ್ತದೆ. ನಮ್ಮ ಕೌಂಟಿಗೆ ಇಲ್ಲ.

ಪ್ರಶ್ನೆ (ಸಾಂಟಾ ಕ್ಲಾರಾ): ನಾವೇ ಒಂದು ಶೀಟ್ ಇಟ್ಟುಕೊಂಡು ನೋಡ್ತಾ ಹೋಗಬೇಕು ಅಂದ್ರೆ ಏನೇನು ಬೇಕು?

ಉತ್ತರ: ಕೇಂದ್ರ ಸರ್ಕಾರದ ಕಾರ್ಮಿಕ ಅಂಕಿಅಂಶ ಸಂಸ್ಥೆ ಬಿಎಲ್‌ಎಸ್ ಜಾಲತಾಣದಲ್ಲಿ ಸಾಂಟಾ ಕ್ಲಾರಾದ ಸಂಕೇತ 06085. ಕೌಂಟಿಯ ಸರಣಿಯ ಕೊನೆಯ ಎರಡು ಅಂಕಿ ನೋಡಿ: 03 ದರ, 04 ನಿರುದ್ಯೋಗಿಗಳು, 05 ಉದ್ಯೋಗಿಗಳು, 06 ಲೇಬರ್ ಫೋರ್ಸ್. ನಾಲ್ಕನ್ನೂ ಇಳಿಸಿಕೊಳ್ಳಿ, ದರವೊಂದನ್ನೇ ಬೇಡ. ಐದನೇ ಕಾಲಂನಲ್ಲಿ ಮೆಟ್ರೋ ಉದ್ಯೋಗ ಸಂಖ್ಯೆ.

ಕೌಂಟಿಯ ಅಂಕಿಗೆ ಋತುಮಾನದ ಹೊಂದಾಣಿಕೆ ಮಾಡಿರುವುದಿಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಅಂಗಡಿಗಳು ಜನ ತೆಗೆದುಕೊಂಡು ಜನವರಿಯಲ್ಲಿ ಕಳಿಸುತ್ತವೆ. ಬೇಸಿಗೆಯಲ್ಲಿ ಶಾಲೆ ಮುಚ್ಚಿ, ಓದು ಮುಗಿಸಿದವರು ಕೆಲಸ ಹುಡುಕಲು ಶುರುಮಾಡುತ್ತಾರೆ. ಹಾಗಾಗಿ ಜುಲೈಯನ್ನು ಮೇ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಜುಲೈ ಜೊತೆ ಹೋಲಿಸಿ. ವರ್ಷದ ವ್ಯತ್ಯಾಸ ತೆಗೆದು, ಅದರ ಮೇಲೆ 3 ತಿಂಗಳ ಸರಾಸರಿ ಹಾಕಿದರೆ ರೇಖೆ ನಂಬುವ ಹಾಗಿರುತ್ತದೆ. ಒಂದು ಎಚ್ಚರಿಕೆ: 2025ರ ಅಕ್ಟೋಬರಿನಲ್ಲಿ ಸರ್ಕಾರಿ ಕಚೇರಿಗಳು ಮುಚ್ಚಿದ್ದರಿಂದ ಮನೆ ಸಮೀಕ್ಷೆಯೇ ನಡೆಯಲಿಲ್ಲ. ಆ ತಿಂಗಳನ್ನು ಖಾಲಿ ಬಿಡಿ, ಸೊನ್ನೆ ತುಂಬಬೇಡಿ.

ಮೂರು ತಿಂಗಳಿಗೊಮ್ಮೆ ಕ್ಯೂಸಿಇಡಬ್ಲ್ಯೂ ಸೇರಿಸಿ. ಭತ್ಯೆಯ ವಿಮೆಗೆ ಕಂಪನಿಗಳು ಕಟ್ಟುವ ತೆರಿಗೆಯ ದಾಖಲೆಯಿಂದಲೇ ಬರುವ ಎಣಿಕೆ ಇದು, ದೇಶದ ಉದ್ಯೋಗಗಳಲ್ಲಿ ಶೇ 95ಕ್ಕೂ ಹೆಚ್ಚು ಇದರಲ್ಲಿ ಸಿಗುತ್ತದೆ. ಸುಮಾರು ಐದಾರು ತಿಂಗಳು ತಡವಾಗಿ ಬಂದರೂ ಕೌಂಟಿಗೇ ಪ್ರತ್ಯೇಕವಾಗಿ, ಉದ್ಯಮವಾರು ಸಿಗುತ್ತದೆ. ಮಾಸಿಕ ಉದ್ಯೋಗ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಸರಿಪಡಿಸುವುದೂ ಇದನ್ನು ನೋಡಿಯೇ.

ಉದ್ಯಮ ಸಂಕೇತಗಳಲ್ಲಿ ನಮ್ಮವರಿಗೆ ಬೇಕಾದವು: 51 ಮಾಹಿತಿ, 5415 ಕಂಪ್ಯೂಟರ್ ಸೇವೆ, 3344 ಸೆಮಿಕಂಡಕ್ಟರ್, 5613 ಸ್ಟಾಫಿಂಗ್ ಏಜೆನ್ಸಿ. ಲೇಆಫಿಗೆ ಮೊದಲು ಕಂಪನಿಗಳು ಕೈ ಹಾಕುವುದು ಕಾಂಟ್ರಾಕ್ಟರುಗಳಿಗೆ, ಹಾಗಾಗಿ ನಾನು 5613 ಅನ್ನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ‘ಉತ್ಪಾದನೆ’ ಎಂದು ಕಂಡರೆ ಕಾರ್ಖಾನೆ ಕಾರ್ಮಿಕರೆಂದು ತಿಳಿಯಬೇಡಿ, ಈ ಕೌಂಟಿಯಲ್ಲಿ ಚಿಪ್ ವಿನ್ಯಾಸ ಮಾಡುವ ಎಂಜಿನಿಯರುಗಳೂ ಅದರೊಳಗೆ ಇರುತ್ತಾರೆ. 2022ರಿಂದ ಉದ್ಯಮಗಳ ವರ್ಗೀಕರಣ ಬದಲಾಗಿದೆ, 51ರ ಒಳಗಿನ ಉಪವರ್ಗಗಳನ್ನು ಹಿಂದಿನ ವರ್ಷಗಳ ಜೊತೆ ನೇರ ಜೋಡಿಸಿದರೆ ರೇಖೆ ಸುಳ್ಳು ಹೇಳುತ್ತದೆ.

ಪ್ರಶ್ನೆ (ಸನಿವೇಲ್): ಅದೇ ಕ್ಯೂಸಿಇಡಬ್ಲ್ಯೂನಲ್ಲಿ ಸರಾಸರಿ ವಾರದ ಸಂಬಳನೂ ಇದೆ. ಹೊಸ ಕೆಲಸದ ಸಂಬಳ ಮಾತಾಡುವಾಗ ಅದನ್ನ ತೋರಿಸಬಹುದಾ?

ಉತ್ತರ: ಬೇಡ. ಆ ಸಂಬಳದಲ್ಲಿ ಬೋನಸ್, ನಗದಾದ ಸ್ಟಾಕ್ ಆಪ್ಷನ್ ಎಲ್ಲ ಸೇರಿರುತ್ತದೆ, ಬೋನಸ್ ಬರುವ ತ್ರೈಮಾಸಿಕದಲ್ಲಿ ಸುಮ್ಮನೆ ಹಾರುತ್ತದೆ. ಸಿಇಒದಿಂದ ಕ್ಯಾಂಟೀನಿನವರ ತನಕ ಒಂದೇ ಸರಾಸರಿ. ನಿಮಗೆ ಬೇಕಾದದ್ದು ಓಇಡಬ್ಲ್ಯೂಎಸ್ ಎಂಬ ವೃತ್ತಿವಾರು ಸಂಬಳದ ಸಮೀಕ್ಷೆ. ಸ್ಯಾನ್ ಹೋಸೆ ಮೆಟ್ರೋ ಆರಿಸಿ, ನಿಮ್ಮ ವೃತ್ತಿ ಆರಿಸಿ, ಮಧ್ಯದ ಸಂಬಳ ಮತ್ತು 75ನೇ ಶೇಕಡಾಮಾನ (ನೂರಕ್ಕೆ 75 ಜನರ ಸಂಬಳ ಇದಕ್ಕಿಂತ ಕಡಿಮೆ) ಎರಡನ್ನೂ ಬರೆದುಕೊಳ್ಳಿ. ಅದರಲ್ಲಿ ಸ್ಟಾಕ್ ಬೋನಸ್ ಸೇರಿಲ್ಲ, ಆದ್ದರಿಂದ ಮೂಲ ಸಂಬಳದ ಮಾತಿಗಷ್ಟೇ ಬಳಸಿ. ಎಚ್-1ಬಿ ಅರ್ಜಿಯ ಕನಿಷ್ಠ ಸಂಬಳದ ನಾಲ್ಕು ಹಂತಗಳಿಗೂ ಸಾಮಾನ್ಯವಾಗಿ ಇದೇ ಸಮೀಕ್ಷೆ ಆಧಾರ. ಕಂಪನಿ ನಿಮ್ಮನ್ನು ಯಾವ ಹಂತದಲ್ಲಿ ತೋರಿಸುತ್ತಿದೆ ಅಂತ ಆಫರ್ ಒಪ್ಪುವ ಮೊದಲೇ ಕೇಳಿ.