ಪದಚರ್ಚೆ: ಕಾರ್ಡ್‌ಬೋರ್ಡಿಗೆ ‘ರಟ್ಟು’ ಸಾಕೇ? ಫಲಕ ಇಂದೇ ಅಚ್ಚಿಗೆ ಹೋಗಬೇಕು

ಮಣಿಪಾಲದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ವಸತಿ ಸಮುಚ್ಚಯದ ಕಸದ ಕೋಣೆಗೆ ಕನ್ನಡ ಫಲಕ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಸಿ ಕಸ, ಒಣ ಕಸ ಎನ್ನುವಲ್ಲಿ ತೊಡಕಿಲ್ಲ. ಒಣ ಕಸದೊಳಗೆ ಪೆಟ್ಟಿಗೆಗಳಿಗೆಂದೇ ಒಂದು ಮೂಲೆ ಬಿಟ್ಟಿದ್ದಾರೆ. ಕೊಟ್ಟಿರುವ ಇಂಗ್ಲಿಷ್ ಪಾಠದಲ್ಲಿ ಕಾರ್ಡ್‌ಬೋರ್ಡ್, ಕಾರ್ಟನ್, ಕೊರುಗೇಟೆಡ್ ಬಾಕ್ಸ್ ಎಂದು ಮೂರು ಹೆಸರುಗಳಿವೆ. ನಾನು ಮೂರಕ್ಕೂ ‘ರಟ್ಟು’ ಎಂದೇ ಬರೆದೆ. ರಟ್ಟು ಎಂದರೆ ಪುಸ್ತಕದ ಹೊದಿಕೆಯಲ್ಲವೇ ಎಂದು ಸಮಿತಿಯ ಒಬ್ಬರು ತಕರಾರು ಎತ್ತಿದ್ದಾರೆ. ಫ್ಲೆಕ್ಸ್ ಅಂಗಡಿಯವರು ಅವಸರ ಮಾಡುತ್ತಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಉಡುಪಿಯಿಂದ, ನಿವೃತ್ತ ಅಧ್ಯಾಪಕರು:

ತಂಗೀ, ರಟ್ಟು ಬೇಡ. ಅದು ಬೈಂಡಿನವರ ಮಾತು. ‘ಗಟ್ಟಿಹಾಳೆ’ ಎಂದು ಬರೆಯಿರಿ, ಪೆಟ್ಟಿಗೆಗೆ ‘ಗಟ್ಟಿಹಾಳೆಗೂಡು’. ಅಚ್ಚ ಕನ್ನಡ, ಮಗುವಿಗೂ ತಿಳಿಯುತ್ತದೆ. ಕಾರ್ಡ್‌ಬೋರ್ಡ್ ಎಂಬುದು ಫಲಕದಲ್ಲಿ ಕಾಣಿಸಲೇಬಾರದು. ಒಂದೊಂದೇ ಪದ ಬಿಟ್ಟುಕೊಡುತ್ತಾ ನಾವು ಈ ಸ್ಥಿತಿಗೆ ಬಂದಿದ್ದೇವೆ.

ಮಂಗಳೂರು, ಕದ್ರಿಯಿಂದ:

ರಟ್ಟು ಎಂಬುದು ‘ಇರಟ್ಟು’. ತಮಿಳು ಬೈಬಲಿನಲ್ಲಿ ಶೋಕದ ಹೊತ್ತಿಗೆ ಇರಟ್ಟು ಉಡುತ್ತಾರೆ, ಕನ್ನಡ ಬೈಬಲಿನಲ್ಲಿ ಅದೇ ಜಾಗದಲ್ಲಿ ಗೋಣಿತಟ್ಟು. ಒರಟು ಬಟ್ಟೆ, ಜೋಡಿ ನೂಲು. ಪದರದ ಮೇಲೆ ಪದರ ಅಂಟಿಸಿದ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ‘ಗುಟ್ಟು ರಟ್ಟಾಯಿತು’ ಎಂಬಲ್ಲಿ ಇರುವುದೂ ಇದೇ ರಟ್ಟು: ಹೊದಿಕೆ ಹೋಯಿತು, ಒಳಗಿನದು ಹೊರಬಂತು. ಗಟ್ಟಿಹಾಳೆಯ ವಿಚಾರ ಚರ್ಚೆಗೆ ಯೋಗ್ಯವಲ್ಲ.

ಮಂಗಳೂರು, ಬಂದರಿನಿಂದ:

ಮೊದಲು ಫಲಕದ ಮಾತು. ‘ರಟ್ಟಿನ ಪೆಟ್ಟಿಗೆ’ ಎಂದು ಬರೆಯಿರಿ ಮೇಡಂ. ಪತ್ರಿಕೆಗಳು ಬರೆಯುವುದು ಹಾಗೆಯೇ. ಗುಜರಿ ಅಂಗಡಿಯವರ ಮುಂದೆ ಹೇಳಿದರೂ ತಕ್ಷಣ ಅರ್ಥವಾಗುತ್ತದೆ.

‘ಗಟ್ಟಿಹಾಳೆ’ಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ ಮಾಸ್ತರರೇ. ಬಯಲುಸೀಮೆಯಲ್ಲಿ ಅದು ನಡೆದರೂ ನಡೆದೀತು, ನಮ್ಮ ಎರಡು ಜಿಲ್ಲೆಗಳಲ್ಲಿ ಸಲ್ಲದು. ಇಲ್ಲಿ ಹಾಳೆ ಎಂದರೆ ಮೊದಲು ಕಣ್ಣಿಗೆ ಬರುವುದು ಅಡಿಕೆ ಹಾಳೆ. ಮರದಿಂದ ಬಿದ್ದದ್ದನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಅದು ಗಟ್ಟಿಯಾದ ತಟ್ಟೆಯಾಗುತ್ತದೆ. ಸಮಾರಂಭದ ಮಾರನೆಯ ದಿನ ಆ ತಟ್ಟೆಗಳ ರಾಶಿ ಅನ್ನ ಸಾರು ಅಂಟಿಸಿಕೊಂಡು ಕಸದ ಕೋಣೆಗೆ ಬರುತ್ತದೆ. ಅದು ಹಸಿ ಕಸ. ನಿಮ್ಮ ಫಲಕ ನೋಡಿದವರು ಅದನ್ನು ಒಣ ರಟ್ಟಿನ ಮೇಲೆ ಸುರಿದರೆ ತಪ್ಪು ಅವರದಲ್ಲ. ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕೆಂದು ಘನತ್ಯಾಜ್ಯ ನಿಯಮಗಳು ಹೇಳಿವೆ. ಬೇರ್ಪಡಿಸುವ ಕೈಗೆ ದಾರಿ ತೋರಿಸುವುದು ಫಲಕದ ಪದವೇ ತಾನೇ? ಅಚ್ಚ ಕನ್ನಡದ ಹಟಕ್ಕೆ ಊರಿನ ಕನ್ನಡವನ್ನೇ ಮರೆಯುವುದು ನನಗೆ ಒಪ್ಪಿಗೆಯಿಲ್ಲ.

ಬೈಂಡಿನವರ ಮಾತು ಎಂದು ತಳ್ಳಿಹಾಕಿದ್ದೀರಿ. 1841ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದ ಊರು ಇದು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದದ್ದೂ ಇಲ್ಲಿಂದಲೇ. ಅಂಥ ಪುಸ್ತಕ ಕೈಯಿಂದ ಕೈಗೆ ಹೋಗಿ ಬಾಳಬೇಕಾದರೆ ಹಾಳೆ ಹೊಲಿದು ರಟ್ಟು ಕಟ್ಟುವ ಕೈಗಳು ಬೇಕು. ಅವರ ಬಾಯಿಯ ಪದವನ್ನು ನಾನು ಯಾವ ಹೊಸ ಪದಕ್ಕೂ ಬಿಟ್ಟುಕೊಡುವುದಿಲ್ಲ.

ಸಮಿತಿಯವರ ತಕರಾರಿನಲ್ಲಿ ಸ್ವಲ್ಪ ಹುರುಳಿದೆ, ಏಕೆಂದರೆ ಕಾರ್ಡ್‌ಬೋರ್ಡ್ ಎಂಬುದೇ ಸಡಿಲ ಪದ. ಪುಸ್ತಕಕ್ಕೆ ಹಾಕುವುದು ಇಡಿಯಾಗಿ ಒತ್ತಿದ ರಟ್ಟು. ಸ್ವೀಟ್ ಬಾಕ್ಸ್, ಮದ್ದಿನ ಪೆಟ್ಟಿಗೆ ತೆಳು ರಟ್ಟು. ಸಾಮಾನು ತುಂಬಿ ಬರುವ ಪೆಟ್ಟಿಗೆಯದು ಬೇರೆಯೇ ಜಾತಿ. ಅದರ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸಿ ನೋಡಿ: ಮೇಲೆ ಕೆಳಗೆ ಎರಡು ಚಪ್ಪಟೆ ಕಾಗದ, ನಡುವೆ ಏರಿಳಿಯುತ್ತಾ ಸಾಗುವ ಒಂದು ಕಾಗದ, ಏರಿನ ತುದಿಗಳಲ್ಲಿ ಮಾತ್ರ ಗೋಂದು. ಭಾರ ಹೊರುವುದು ಆ ನಡುವಿನದು. ಇದು ಮೂರು ಪ್ಲೈ, ಅಂದರೆ ಮೂರು ಪದರ. ಹೆಚ್ಚು ಭಾರಕ್ಕೆ ಐದು ಪ್ಲೈ.

ಈ ನಡುವಿನ ಕಾಗದವೇ ಕೊರುಗೇಟೆಡ್. ಅದಕ್ಕೆ ಆನ್‌ಲೈನ್ ಮಳಿಗೆಗಳ ಯಂತ್ರಾನುವಾದ ‘ಸುಕ್ಕುಗಟ್ಟಿದ’ ಎನ್ನುತ್ತದೆ. ಸುಕ್ಕು ಮುಪ್ಪಿನಿಂದ ಬರುತ್ತದೆ, ಮುದುಡಿದರೆ ಬರುತ್ತದೆ, ಅದರಲ್ಲಿ ಅಳತೆ ಇರುವುದಿಲ್ಲ. ಬೇಕೆಂದೇ ಸಮನಾಗಿ ಹಿಡಿದದ್ದಕ್ಕೆ ಕನ್ನಡದಲ್ಲಿ ನೆರಿಗೆ ಎಂಬ ಪದ ಸಿದ್ಧವಾಗಿದೆ. ಇಂಥ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಾಗ ಅದರ ಬಳಕೆ ಟೊಪ್ಪಿಯ ಒಳಪಟ್ಟಿಗೆ. ಸಾಮಾನು ಕಟ್ಟುವ ಕೆಲಸಕ್ಕೆ ಅಮೆರಿಕದಲ್ಲಿ ಪೇಟೆಂಟ್ ಆದದ್ದು 1871ರಲ್ಲಿ. ಬಟ್ಟೆಯ ಲೋಕದಿಂದ ಬಂದ ವಸ್ತುವಿಗೆ ಬಟ್ಟೆಯ ಪದವೇ ಸರಿ. ತಾಂತ್ರಿಕ ಅನುವಾದ ಮಾಡುವವರು ‘ನೆರಿಗೆ ರಟ್ಟು’ ಬಳಸಲಿ. ಫಲಕಕ್ಕೆ ಬೇಡ, ಅಲ್ಲಿ ಓದುಗರು ನಿಂತು ಯೋಚಿಸುವುದಿಲ್ಲ.

ಕಾರ್ಟನ್ ಪದವನ್ನೂ ಬಿಡಿ. ಗೇರುಬೀಜದ ವ್ಯಾಪಾರದಲ್ಲಿ 11.34 ಕಿಲೋದ ಎರಡು ಚೀಲ ಹಿಡಿಯುವ ಪೆಟ್ಟಿಗೆ ಕಾರ್ಟನ್, ಸರಿ. ಮನೆಯಲ್ಲಿ ಅದು ಜ್ಯೂಸಿನ ಪೊಟ್ಟಣವಾಗುತ್ತದೆ. ಆ ಪೊಟ್ಟಣದ ಒಳಗೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳಿವೆ, ರಟ್ಟಿನ ಜೊತೆ ಹೋಗಬಾರದು.

ಕದ್ರಿಯವರಿಗೆ: ಜೋಡಿ ನೂಲಿನ ವಾದ ಚೆನ್ನಾಗಿದೆ. ರಟ್ಟಾಗುವುದನ್ನು ಮಾತ್ರ ಅದಕ್ಕೆ ಗಂಟು ಹಾಕಬೇಡಿ. ಒಂದು ಮುಚ್ಚುತ್ತದೆ, ಇನ್ನೊಂದು ಬಯಲಾಗುತ್ತದೆ. ರೂಪ ಒಂದೇ ಎಂದ ಮಾತ್ರಕ್ಕೆ ಪದ ಒಂದೇ ಆಗುವುದಿಲ್ಲ. ದೊರೆಯೂ ಅರಸು, ಹುಡುಕುವುದೂ ಅರಸು.

ಉಡುಪಿಯಿಂದ, ನಿವೃತ್ತ ಅಧ್ಯಾಪಕರು:

ಹಾಳೆಯ ವಿಚಾರ ಬಿಡೋಣ. ಸ್ವೀಟ್ ಬಾಕ್ಸ್, ಪ್ಲೈ, ಬ್ಲೇಡು ಎಂದು ಬರೆಯುವವರು ಕನ್ನಡದ ಪರವಾಗಿ ವಾದಿಸುವುದು ಹೇಗೆ? ಎರವಲು ಇಂದು ಪದ, ನಾಳೆ ವಾಕ್ಯ. ಇದನ್ನು ಯಾರಾದರೂ ತಡೆಯಬೇಕು.

ಬಂದರಿನಿಂದ:

ಎರವಲಿಗೆ ನಾನು ಹೆದರುವುದಿಲ್ಲ. ಕಾಗದವೇ ಫಾರಸಿಯಿಂದ ಬಂದದ್ದು. ನಾವು ಬಟಾಟೆ, ಚಾವಿ ಎನ್ನುತ್ತೇವೆ, ಎರಡೂ ಪೋರ್ಚುಗೀಸರು ಬಿಟ್ಟುಹೋದವು. ನಮ್ಮ ಗೋಣಿ ಇಂಗ್ಲಿಷಿಗೆ ಹೋಗಿ ಗನ್ನಿಯಾಗಿದೆ. ಬೈಂಡಿಗೆ ಹಾಕುವ ಕ್ಯಾಲಿಕೊ ಬಟ್ಟೆಯ ಹೆಸರು ಹುಟ್ಟಿದ್ದು ಕರಾವಳಿಯಲ್ಲೇ ಕೆಳಗಿರುವ ಕೋಝಿಕ್ಕೋಡಿನಿಂದ. ಇರುವ ಪದವನ್ನು ಬಳಸದೆ ಸಾಯಿಸಬಾರದು, ಇಲ್ಲದ ಕಡೆ ಬಂದದ್ದನ್ನು ಓಡಿಸಬಾರದು. ನನ್ನ ನಿಲುವು ಇಷ್ಟೇ, ಇದರಲ್ಲಿ ಬದಲಿಲ್ಲ.

ಮಣಿಪಾಲದಿಂದ:

ಎಲ್ಲರಿಗೂ ಉಪಕಾರವಾಯಿತು. ಹೀಗೆ ಬರೆದಿದ್ದೇನೆ, ನೋಡಿ:

“ರಟ್ಟಿನ ಪೆಟ್ಟಿಗೆಗಳು ಇಲ್ಲಿ. ಅಂಟುಪಟ್ಟಿ ತೆಗೆದು, ಪೆಟ್ಟಿಗೆಯನ್ನು ಚಪ್ಪಟೆ ಮಾಡಿ ಇಡಿ. ಒದ್ದೆಯಾದ, ಎಣ್ಣೆ ಹಿಡಿದ ರಟ್ಟು ಬೇಡ. ಜ್ಯೂಸಿನ ಪೊಟ್ಟಣ ಬೇಡ.”

ಬಂದರಿನಿಂದ:

‘ಅಂಟುಪಟ್ಟಿ’ ಎಂದರೆ ಗಾಯಕ್ಕೆ ಹಚ್ಚುವ ಪಟ್ಟಿ ಎಂದುಕೊಳ್ಳುವವರಿದ್ದಾರೆ, ಟೇಪ್ ಎಂದೇ ಇರಲಿ. ‘ಒದ್ದೆಯಾದ’ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ. ಪದರಗಳನ್ನು ಹಿಡಿದಿರುವುದು ಪಿಷ್ಟದ ಗೋಂದು. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಹೊರಗೆ ಬಿದ್ದರೆ ಪೆಟ್ಟಿಗೆ ಎಳೆ ಎಳೆಯಾಗಿ ಬಿಡುತ್ತದೆ, ಗುಜರಿಯವರು ಮುಟ್ಟುವುದಿಲ್ಲ. ಬದಿಯಲ್ಲಿ ಒಂದು ಪೆಟ್ಟಿಗೆಯ ಚಿತ್ರವೂ ಇರಲಿ, ಕಸ ಒಯ್ಯಲು ಬರುವವರಲ್ಲಿ ಕನ್ನಡ ಓದಲು ಬಾರದವರೂ ಇರುತ್ತಾರೆ.