‘ಕಿವುಡುತನ’ ಕೊರತೆಯ ಹೆಸರೋ, ಗುರುತಿನ ಹೆಸರೋ?

ಗೆಳೆಯರೇ,

ಕಿವುಡರ ಒಂದು ಗುಂಪು ಹಲವು ದಿನ ಕಡಲಂಚಿನಲ್ಲಿ ನಡೆಯುತ್ತಾ ಹೋಗುತ್ತದೆ. ತಮ್ಮ ಭಾಷೆ ನಾಲ್ಕು ಜನರ ಕಣ್ಣಿಗೆ ಬೀಳಲಿ, ತಾವು ಯಾರು ಎಂಬುದು ಗೊತ್ತಾಗಲಿ ಎಂಬ ಆಸೆ ಅವರದು. ಇಂಥ ನಡಿಗೆಯ ಬಗ್ಗೆ ಎರಡು ಪುಟ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪದಗಳು ಕೈಕೊಟ್ಟವು.

ಸುಲಭದ್ದು ಮೊದಲು. ಪಾದಯಾತ್ರೆ ಎಂದರೆ ದೇವರೋ ರಾಜಕೀಯವೋ ನೆನಪಾಗುತ್ತದೆ. ಜಾಥಾಕ್ಕೆ ಘೋಷಣೆ ಬೇಕು, ಚಾರಣಕ್ಕೆ ಬೆಟ್ಟ ಬೇಕು. ‘ಕಡಲಂಚಿನ ನಡಿಗೆ’ ಎಂದು ಬರೆದು ಮುಂದೆ ಹೋದೆ. ‘ಮೌನ ನಡಿಗೆ’ ಅನ್ನಿ, ಚೆನ್ನಾಗಿರುತ್ತೆ ಎಂದರು ಒಬ್ಬರು. ಅದು ಮಾತ್ರ ಬೇಡ! ಗಾಳಿ, ಅಲೆಗಳ ಸದ್ದಿನಲ್ಲಿ ಕೇಳುವವರು ಗಂಟಲು ಹರಿದುಕೊಳ್ಳಬೇಕು. ಇವರೋ ದಿಬ್ಬದ ಮೇಲೆ ನಿಂತು ಕೆಳಗೆ ಮರಳಿನಲ್ಲಿರುವವರ ಜೊತೆ ಕೈಯಲ್ಲೇ ಆರಾಮಾಗಿ ಹರಟುತ್ತಾರೆ. ಇವರ ಮಾತು ನಿಲ್ಲುವುದು ಕತ್ತಲಾದಾಗ, ಇಲ್ಲವೇ ದಾರಿ ಕಿರಿದಾಗಿ ಒಬ್ಬರ ಹಿಂದೆ ಒಬ್ಬರು ಹೋಗಬೇಕಾದಾಗ. ಎರಡೂ ಕೈಯಲ್ಲಿ ಕೋಲು ಹಿಡಿದರಂತೂ ಬಾಯಿ ಕಟ್ಟಿದ ಹಾಗೆಯೇ.

ಇನ್ನು ಅವರ ಭಾಷೆಗೆ ಏನೆನ್ನೋಣ? ಸಂಜ್ಞಾ ಭಾಷೆ, ಸಂಕೇತ ಭಾಷೆ, ಸನ್ನೆ ಭಾಷೆ ಮೂರೂ ಓಡಾಡುತ್ತಿವೆ. ಸಂಕೇತ ಎಂದರೆ ಗುಟ್ಟಿನ ಲಿಪಿಯ ವಾಸನೆ. ಸಂಜ್ಞೆ ಎಂದಾಗ ನನಗೆ ವ್ಯಾಕರಣದ ಸಂಜ್ಞಾ ಪ್ರಕರಣವೇ ಕಣ್ಣಮುಂದೆ ಬರುತ್ತದೆ. ಸನ್ನೆ ಅದರದೇ ತದ್ಭವ, ಬಾಯಿಗೂ ಹಗುರ. ಆದರೆ ಕಣ್ಸನ್ನೆ, ಕೈಸನ್ನೆಗಳ ಜೊತೆ ಬೆಳೆದ ಪದ ಅದು. ‘ಅವಳು ಸನ್ನೆ ಮಾಡಿದಳು’ ಎಂದರೆ ಬಾ ಎಂದೋ ಸುಮ್ಮನಿರು ಎಂದೋ ಅರ್ಥ, ಅಲ್ವಾ? ಒಂದು ಇಡೀ ಭಾಷೆ ಅಷ್ಟರಲ್ಲಿ ಹಿಡಿಯುವುದಿಲ್ಲ. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಶಾಲೆಗಳಿಂದ ಇದನ್ನು ಹೊರಗಿಡಬೇಕು ಎಂದು ನಿರ್ಣಯ ಮಾಡಿತ್ತು. 1960ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆಗಳನ್ನು ಕೈಯ ಆಕಾರ, ಜಾಗ, ಚಲನೆ ಎಂದು ಬಿಡಿಸಿ, ಇದು ಪೂರ್ತಿ ಭಾಷೆಯೇ ಎಂದು ತೋರಿಸಿದರು. ಭಾಷೆ ಒಂದೇ ಅಲ್ಲ, ಹಲವು. ಬ್ರಿಟನ್ನಿನವರ ಸನ್ನೆ ಅಮೆರಿಕದವರಿಗೆ ತಿಳಿಯುವುದಿಲ್ಲ. ಹಾಗಾಗಿ ನಾನು ‘ಸನ್ನೆನುಡಿ’ ಎಂದು ಬರೆದಿದ್ದೇನೆ, ಬಹುವಚನಕ್ಕೂ ಒಗ್ಗುತ್ತದೆ. ‘ಸನ್ನೆ ಮಾಡಿದಳು’ ಎನ್ನುವ ಬದಲು ‘ಹೇಳಿದಳು’ ಎಂದೇ ಬಿಟ್ಟಿದ್ದೇನೆ.

ನಿಜವಾಗಿ ಸಿಕ್ಕಿಹಾಕಿಕೊಂಡಿದ್ದು ‘ಕಿವುಡ’ ಪದದಲ್ಲಿ. ಹಳೆಯ ಫಲಕಗಳ ‘ಕಿವುಡ ಮೂಗರು’ ಬೇಡವೇ ಬೇಡ. ‘ಶ್ರವಣದೋಷವುಳ್ಳವರು’ ಸಭ್ಯವಾಗಿ ಕಾಣುತ್ತದೆ, ಆದರೆ ಒಳಗೇ ದೋಷ ಕೂತಿದೆ. ಇಂಗ್ಲಿಷಿನಲ್ಲಿ ಕಿವುಡರಿಗೆ ಹೇಳುವ ‘ಡೆಫ್’ ಪದದ ಮೊದಲ ಅಕ್ಷರದಲ್ಲೇ ಒಂದು ಉಪಾಯವಿದೆ. ಕಿವಿ ಕೇಳದಿರುವುದಕ್ಕೆ ಚಿಕ್ಕ ಡಿ, ಆ ಭಾಷೆ, ಆ ಬಳಗ ನನ್ನದು ಎನ್ನುವವರಿಗೆ ದೊಡ್ಡ ಡಿ. ನಮ್ಮ ಲಿಪಿಯಲ್ಲಿ ಚಿಕ್ಕದು ದೊಡ್ಡದು ಎಲ್ಲಿದೆ? ಪ್ಯಾಡಿ ಲ್ಯಾಡ್ ಎಂಬ ಬ್ರಿಟನ್ನಿನ ಕಿವುಡ ವಿದ್ವಾಂಸರು ಕಿವಿ ಕೇಳದ ಸ್ಥಿತಿಯನ್ನಷ್ಟೇ ಹೇಳುವ ‘ಡೆಫ್‌ನೆಸ್’ ಬಿಟ್ಟು, ಕಿವುಡರ ಗುರುತನ್ನು ಹೇಳುವ ‘ಡೆಫ್‌ಹುಡ್’ ಎಂಬ ಪದವನ್ನೇ ಟಂಕಿಸಿದರು. ಕನ್ನಡದಲ್ಲಿ ಎರಡಕ್ಕೂ ‘ಕಿವುಡುತನ’ವೇ ಆಗಿಬಿಡುತ್ತದೆ. ನಮ್ಮ ‘ತನ’ ಬಡತನದಲ್ಲೂ ಇದೆ, ಕನ್ನಡತನದಲ್ಲೂ ಇದೆ. ಕಿವುಡುತನವನ್ನು ಬಡತನದ ಸಾಲಿನಿಂದ ಎಬ್ಬಿಸಿ ಕನ್ನಡತನದ ಪಕ್ಕ ಕೂರಿಸಬಹುದು ಎಂದು ನನಗನ್ನಿಸುತ್ತದೆ. ಆದರೆ ‘ಜಾಣ ಕಿವುಡು’ ಎಂದು ಬೈದು ಅಭ್ಯಾಸವಾದ ಓದುಗರಿಗೆ ಅದು ದಾಟುತ್ತದೆಯೇ? ಕನ್ನಡಿಗರು ಎಂಬಂತೆ ‘ಸನ್ನೆನುಡಿಗರು’ ಎನ್ನೋಣವೆಂದರೆ, ಕಿವುಡ ತಂದೆತಾಯಿಯ ಕೇಳಬಲ್ಲ ಮಕ್ಕಳೂ ಅದರೊಳಗೆ ಬಂದುಬಿಡುತ್ತಾರೆ.

ನಿಮ್ಮಲ್ಲಿ ಕಿವುಡರ ಒಡನಾಟ ಇರುವವರು, ಅವರು ತಮ್ಮನ್ನು ಏನೆಂದು ಬರೆದುಕೊಳ್ಳುತ್ತಾರೆ ಎಂದು ತಿಳಿಸಿ. ಹಾಗೆಯೇ ಮೇಲೆ ‘ಕೇಳುವವರು’ ಎಂದು ಬರೆದೆನಲ್ಲ, ಅದಕ್ಕೂ ಏನಾದರೂ ಹೊಳೆದರೆ ಹೇಳಿ. ಈಗಿರುವಂತೆ ಅವರು ಪ್ರಶ್ನೆ ಕೇಳುವವರೂ ಆಗಬಹುದು, ಸಾಲ ಕೇಳುವವರೂ ಆಗಬಹುದು. ‘ಕಿವಿಯುಳ್ಳವರು’ ಎನ್ನಲು ಹೋದರೆ, ಕಿವಿ ಕಿವುಡರಿಗೂ ಇದೆ!